ಫಿಲ್ಟರ್ ಕಾಗದ ಓದುವ ಮೇಸ್ತ್ರಿ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಇಟ್ಟಿಗೆ ಗೂಡಿನ ಹಿಂದಿನ ಮಣ್ಣುಗುಂಡಿಯಲ್ಲಿ ಚಕ್ರದ ಬದಲು ಉಕ್ಕಿನ ಚೈನಿನ ಮೇಲೆ ಓಡುವ ಹಳೆಯ ಟ್ರ್ಯಾಕ್ಟರೊಂದು ನಿಂತಿದೆ. ಪಕ್ಕದಲ್ಲಿ ಗೋಣಿಚೀಲ ಹಾಸಿಕೊಂಡು ಕೂತ ರಿಪೇರಿ ಮೇಸ್ತ್ರಿ, ಈಗಷ್ಟೇ ಬಿಚ್ಚಿದ ಆಯಿಲ್ ಫಿಲ್ಟರಿನ ಡಬ್ಬಿಯನ್ನು ತಗಡು ಕತ್ತರಿಯಿಂದ ಕೊಯ್ಯುತ್ತಿದ್ದಾರೆ. "ಗರಗಸ ಹಾಕಿದ್ರೆ ಅದರ ಪುಡೀನೇ ಒಳಗೆ ಬೀಳುತ್ತೆ. ಆಮೇಲೆ ಕಾಗದ ಸುಳ್ಳು ಹೇಳುತ್ತೆ," ಎನ್ನುತ್ತಾರೆ. ಒಳಗಿನ ಮಡಿಕೆ ಮಡಿಕೆ ಕಾಗದವನ್ನು ಎಣ್ಣೆ ಹಿಂಡಿ, ಬಿಳಿ ತಟ್ಟೆಯ ಮೇಲೆ ಹರಡಿ, ಕನ್ನಡಕ ಹಣೆಗೇರಿಸಿ, ಮೂಗು ತಾಗುವಷ್ಟು ಬಗ್ಗುತ್ತಾರೆ.

ಅವರ ಎಡಕ್ಕೆ ಡ್ರೈವರ್ ನಿಂತಿದ್ದಾರೆ. ಹತ್ತೊಂಬತ್ತು ವರ್ಷದಿಂದ ಓಡಿಸುತ್ತಿರುವ ಈ ಗಾಡಿಯನ್ನು ಅವರು 'ಮುದುಕಿ' ಎಂದೇ ಕರೆಯುವುದು. ನಾಲ್ಕು ದಿನದಿಂದ, ಇಂಜಿನ್ ಬಿಸಿಯಾದ ಕೂಡಲೇ ಎಣ್ಣೆಯ ಒತ್ತಡ ತೋರಿಸುವ ಮುಳ್ಳು ತಳ ಕಚ್ಚುತ್ತಿದೆ. ಪೇಟೆಯ ಗ್ಯಾರೇಜಿನವರು ಮುಳ್ಳನ್ನಷ್ಟೇ ನೋಡಿ, ಬೇರಿಂಗ್ ಸವೆದಿದೆ, ಗುಜರಿಗೆ ಹಾಕಿ ಎಂದು ಹೇಳಿ ಹೋಗಿದ್ದಾರೆ. ಹತ್ತು ಗಂಟೆಗೆ ಗುಜರಿಯ ಲಾರಿ ಬರಲಿದೆ.

"ಬೇರಿಂಗ್ ಸವೆದಿದ್ರೆ ಕಾಗದದ ಮೇಲೆ ಲೋಹದ ಪುಡಿ ಮಿಂಚು ಕಾಣ್ಬೇಕಲ್ಲಪ್ಪಾ," ಎಂದು ಮೇಸ್ತ್ರಿ ತಲೆಯೆತ್ತುತ್ತಾರೆ. "ಇಲ್ಲಿ ಬರೀ ಮಸಿ. ನಿನ್ನ ಮುದುಕಿ ಗಟ್ಟಿಮುಟ್ಟಾಗಿದ್ದಾಳೆ. ಗಂಟಲಲ್ಲಿ ಏನೋ ಸಿಕ್ಕೊಂಡಿದೆ ಅಷ್ಟೆ."

ಮೇಸ್ತ್ರಿಗೆ ಈಗ ಅರವತ್ಮೂರು. ಈ ಕೆಲಸಕ್ಕೆ ಇಳಿದು ಮೂವತ್ತೆಂಟು ವರ್ಷ. ಚೈನ್ ಗಾಡಿಗಳು ರಸ್ತೆಯಲ್ಲಿ ಬರುವಂಥವಲ್ಲ, ಇವರೇ ಹೋಗಬೇಕು. ಹಾಗಾಗಿ ದಿನಾ ನಾಲ್ಕೂವರೆಗೆ ಎದ್ದು ಮೊಪೆಡ್ ಏರುತ್ತಾರೆ. ಬಿಸಿ ಎಣ್ಣೆ ಬಿದ್ದು ಬಲಗೈಯ ಎರಡು ಬೆರಳು ಮಡಚುವುದಿಲ್ಲ. ಇಂಜಿನ್ನುಗಳ ಸದ್ದಿಗೆ ಬಲಗಿವಿ ಹೋಗಿದೆ. ಡ್ರೈವರ್ ಎಡಕ್ಕೇ ನಿಂತಿರುವುದು ಅದಕ್ಕೆ. ಯಾರೂ ಅವರಿಗೆ ಹೇಳಿಕೊಟ್ಟಿದ್ದಲ್ಲ.

ಕೆಲಸ ಕಲಿತ ಹೊಸತರಲ್ಲಿ ಮೇಸ್ತ್ರಿ ಒಂದು ಹಳೇ ಫಿಲ್ಟರನ್ನು ನೋಡದೇ ಎಸೆದಿದ್ದರು. ವಾರದೊಳಗೆ ಆ ಇಂಜಿನ್ ಹಿಡಿದುಕೊಂಡು ತಿರುಗದೇ ನಿಂತುಹೋಯಿತು. "ಕಾಗದದಲ್ಲಿ ಎಲ್ಲಾ ಇತ್ತು. ನಾನು ಓದ್ಲಿಲ್ಲ," ಎನ್ನುವಾಗ ಅವರ ದನಿ ಇವತ್ತಿಗೂ ತಗ್ಗುತ್ತದೆ. ಅಂದಿನಿಂದ ಪ್ರತಿ ಫಿಲ್ಟರಿನ ಕಾಗದವೂ ಮನೆಗೆ ಬರುತ್ತದೆ. ಹಿತ್ತಲಿನ ತಂತಿಯಲ್ಲಿ ಒಣಗಿ, ಚೀಟಿ ಕಟ್ಟಿಸಿಕೊಂಡು ಪೆಟ್ಟಿಗೆ ಸೇರುತ್ತದೆ. ಈವರೆಗೆ ಆರುನೂರ ನಲವತ್ತಾಗಿವೆ.

"ಇವರ ಕಾಗದ ಒಣಗೋ ತನಕ ನನ್ನ ಬಟ್ಟೆ ಬಕೆಟ್ಟಲ್ಲೇ ಕೂತಿರ್ಬೇಕು. ಮದುವೆ ಆದಾಗ ಈ ಸವತಿ ವಿಷಯ ಯಾರೂ ಬಾಯಿ ಬಿಡ್ಲಿಲ್ಲ," ಎಂದು ನಗುತ್ತಾರೆ ಅವರ ಹೆಂಡತಿ.

ಗುಂಡಿಯಲ್ಲಿ ಬಿಸಿಲೇರುತ್ತಿದೆ. ಫಿಲ್ಟರ್ ಕೂರುವ ಜಾಗವನ್ನು ಬಟ್ಟೆಯಿಂದ ಒರೆಸುತ್ತಿದ್ದ ಮೇಸ್ತ್ರಿಯ ಕೈ ನಿಲ್ಲುತ್ತದೆ. ಅಲ್ಲಿ ಹಳೆಯ ರಬ್ಬರ್ ರಿಂಗೊಂದು ಅಂಟಿಕೊಂಡಿದೆ, ಅದರ ಒಂದು ಚೂರು ಹರಿದುಹೋಗಿದೆ. ಪಕ್ಕದ ವಾಲ್ವ್ ಬಿಚ್ಚಿದರೆ, ಕಳೆದುಹೋದ ಚೂರು ಅಲ್ಲೇ ಸಿಕ್ಕಿಕೊಂಡು ವಾಲ್ವಿನ ಬಾಯಿ ಮುಚ್ಚದಂತೆ ತೆರೆದಿಟ್ಟಿದೆ. ಇಂಜಿನ್ನಿಗೆ ಹೋಗಬೇಕಾದ ಎಣ್ಣೆ ಅಲ್ಲಿಂದಲೇ ತಳದ ತೊಟ್ಟಿಗೆ ಇಳಿದುಹೋಗುತ್ತಿದೆ. ಹೋದ ವಾರ ಫಿಲ್ಟರ್ ಬದಲಿಸಿದವರು ಡ್ರೈವರೇ. ಮೇಸ್ತ್ರಿ ಅವರ ಮುಖ ನೋಡುತ್ತಾರೆ, ರಬ್ಬರನ್ನು ಮೆಲ್ಲಗೆ ಜೇಬಿಗಿಳಿಸುತ್ತಾರೆ.

ಅಷ್ಟರಲ್ಲಿ ಟೀ ಹಿಡಿದು ಗೂಡಿನ ಯಜಮಾನಮ್ಮ ಬರುತ್ತಾರೆ. "ಏನಾಯ್ತು ಮೇಸ್ತ್ರಿ? ಲಾರಿಯವನಿಗೆ ಏನು ಹೇಳ್ಲಿ?"

"ಕಸ ಸಿಕ್ಕೊಂಡಿತ್ತು ಅಮ್ಮಾವ್ರೇ. ಹಳೇ ಗಾಡಿ ಅಲ್ವಾ, ಆಗುತ್ತೆ."

ಡ್ರೈವರಿಗೆ ತಡೆಯಲಾಗುವುದಿಲ್ಲ. "ಕಸ ಅಲ್ಲಮ್ಮಾ, ನಾನೇ. ಎಣ್ಣೆ ಸೋರಬಾರ್ದು ಅಂತ ಹೊಸಾ ರಿಂಗಿನ ಜೊತೆ ಹಳೇದನ್ನೂ ಇಟ್ಟೆ. ಎರಡಿದ್ರೆ ಇನ್ನೂ ಭದ್ರ ಅಂದ್ಕೊಂಡೆ."

ಯಜಮಾನಮ್ಮ ನಕ್ಕುಬಿಡುತ್ತಾರೆ. "ಗೇಟಿಗೆ ಬೀಗ ಹಾಕಿ, ಅರ್ಧ ದಾರಿಯಿಂದ ವಾಪಸ್ ಬಂದು ಎಳೆದು ನೋಡೋನು ನೀನು. ಒಂದೇ ರಿಂಗ್ ಹಾಕ್ದೆ ಅಂದಿದ್ರೆ ನಾನು ನಂಬ್ತಾನೇ ಇರ್ಲಿಲ್ಲ. ಮೊದ್ಲು ಟೀ ಕುಡಿ."

ಹೊಸ ಫಿಲ್ಟರ್ ಕೂರುತ್ತದೆ, ಈ ಬಾರಿ ಒಂದೇ ರಿಂಗಿನೊಂದಿಗೆ. ಮುದುಕಿ ಕೆಮ್ಮಿ ಎಚ್ಚರಗೊಳ್ಳುತ್ತಾಳೆ. ಅರ್ಧ ಗಂಟೆ ಮೂವರ ಕಣ್ಣೂ ಮುಳ್ಳಿನ ಮೇಲೆ. ಇಂಜಿನ್ ಕಾದು ಕೆಂಡವಾದರೂ ಮುಳ್ಳು ಕೆಳಗಿಳಿಯುವುದಿಲ್ಲ. ಹತ್ತಕ್ಕೆ ಬಂದ ಲಾರಿಯವನು ಟೀ ಕುಡಿದುಕೊಂಡು ಖಾಲಿ ಲಾರಿಯೊಂದಿಗೆ ಹಿಂತಿರುಗುತ್ತಾನೆ.

ಮಧ್ಯಾಹ್ನ ಮೇಸ್ತ್ರಿ ಹಿತ್ತಲಿಗೆ ಬರುವ ಹೊತ್ತಿಗೆ, ಹೆಂಡತಿ ತಮ್ಮ ಟವೆಲ್ಲುಗಳನ್ನು ಒತ್ತೊತ್ತಾಗಿ ಸರಿಸಿ ತಂತಿಯಲ್ಲಿ ಜಾಗ ಮಾಡಿಟ್ಟಿದ್ದಾರೆ. ಇಷ್ಟು ವರ್ಷದ ಮೇಲೆ ಇನ್ನೇನು ಆಸೆ ಎಂದು ಕೇಳಿದರೆ, ಮೇಸ್ತ್ರಿ ಕ್ಲಿಪ್ಪು ಸಿಗಿಸುತ್ತಾ ಹೇಳುತ್ತಾರೆ: "ಮುಂದಿನ ವರ್ಷ ಇದೇ ಗಾಡಿ ಕಾಗದ ಇಲ್ಲೇ ಒಣಹಾಕ್ಬೇಕು. ಅಷ್ಟು ಸಾಕು."

ಕಾಗದದ ತುದಿಗೆ ಕಟ್ಟಿದ ಚೀಟಿಯಲ್ಲಿ ಗಾಡಿಯ ಹೆಸರಿದೆ, ತಾರೀಖಿದೆ. ದೋಷ ಬರೆಯುವ ಕಡೆ, ಮಡಚದ ಬೆರಳುಗಳ ಸೊಟ್ಟ ಅಕ್ಷರದಲ್ಲಿ, ಇಷ್ಟೇ ಇದೆ: 'ಮಿಂಚಿಲ್ಲ. ಮಸಿ ಮಾತ್ರ. ಡ್ರೈವರ್ ಚೆನ್ನಾಗಿ ನೋಡಿಕೊಂಡಿದ್ದಾನೆ.'