ಎಡಗಡೆಯ ಹಿಂಬಾಗಿಲು

2023ರ ನವೆಂಬರ್ ತಿಂಗಳು. ವಾಹನ ವಿಮೆಯ ಸರ್ವೇಯರ್ ಕೆಲಸದಿಂದ ನಾನು ನಿವೃತ್ತನಾಗಿ ನಾಲ್ಕು ವರ್ಷಗಳಾಗಿದ್ದವು. ಅಪಘಾತಕ್ಕೀಡಾದ ವಾಹನವನ್ನು ನೋಡಿ, ಮಾಲೀಕ ಹೇಳುವುದಕ್ಕೂ ತಗಡು ಹೇಳುವುದಕ್ಕೂ ತಾಳೆಯಾಗುತ್ತದೆಯೇ ಎಂದು ಬರೆದುಕೊಡುವವನೇ ಸರ್ವೇಯರ್. ಮುಂಬೈಯಲ್ಲಿ ಮೂವತ್ತೊಂದು ವರ್ಷ ನಾನು ಮಾಡಿದ್ದು ಅದನ್ನೇ. ನಿವೃತ್ತಿಯ ಬಳಿಕ ಹಳೆಯ ಕಾರುಗಳ ಒಂದು ಸಂಘ ತನ್ನ ಪರೀಕ್ಷಕನಾಗುವಂತೆ ಕೇಳಿತು. ಸಂಬಳವಿಲ್ಲದ ಕೆಲಸ. ಒಪ್ಪಿಕೊಂಡೆ. ಮುಂದಿನದನ್ನು ನಡೆದ ಕ್ರಮದಲ್ಲೇ ಬರೆಯುತ್ತೇನೆ. ನನಗೆ ಅನುಕೂಲವಾಗಲೆಂದು ಯಾವುದನ್ನೂ ಬಿಟ್ಟಿಲ್ಲ.

ಸಂಘದವರು ತಿಂಗಳಿಗೊಂದು ಭಾನುವಾರ ಗ್ರಾಂಟ್ ರೋಡಿನ ಒಂದು ಉಡುಪಿ ಹೋಟೆಲಿನಲ್ಲಿ ಸೇರುತ್ತಿದ್ದರು. ಹಳೆಯ ಕಾರು ಯಾವಾಗ ಕ್ಲಾಸಿಕ್ ಆಗುತ್ತದೆ ಎಂಬ ಚರ್ಚೆ ಇಲ್ಲದೆ ಇಡ್ಲಿ ಇಳಿಯುತ್ತಿರಲಿಲ್ಲ. ಒಬ್ಬರು ವಯಸ್ಸು ಮುಖ್ಯ ಎನ್ನುವರು. ಇನ್ನೊಬ್ಬರು ಎಂಜಿನ್ ನಂಬರ್ ಮತ್ತು ಚಾಸಿ ನಂಬರ್, ಅಂದರೆ ಅಡಿಗಟ್ಟಿನ ಮೇಲೆ ಕೊರೆದ ಸಂಖ್ಯೆ, ಆರ್‌ಸಿ ಪುಸ್ತಕಕ್ಕೆ ಹೊಂದಬೇಕು ಎನ್ನುವರು. ಕಾರ್ಯದರ್ಶಿ ಸಾವಂತರದು ಬೇರೆಯೇ ಲೆಕ್ಕ. "ಗಾಡಿ ಮಾರಿಬಿಡಿ ಅಂತ ಹೆಂಡತಿ ಹೇಳೋದು ಬಿಟ್ಟ ದಿನ ಅದು ಕ್ಲಾಸಿಕ್ ಆಯಿತು ಅಂತ ತಿಳಿಯಿರಿ" ಎನ್ನುತ್ತಿದ್ದರು. ಆದರೆ ಒಂದು ಮಾತನ್ನು ಎಲ್ಲರೂ ಒಪ್ಪುತ್ತಿದ್ದರು: ಕಾರಿನ ಚರಿತ್ರೆ ನಿಜವಾಗಿರಬೇಕು. ಟ್ಯಾಕ್ಸಿಯಾಗಿ ಓಡಿದ್ದರೆ ಹಾಗೆಂದು ಹೇಳಬೇಕು. ಅದಕ್ಕೆ ಬೇರೆ ವಿಭಾಗವಿತ್ತು. ಮುಚ್ಚಿಟ್ಟರೆ ಪ್ರಮಾಣಪತ್ರ ಇಲ್ಲ.

ಆ ತಿಂಗಳು ಬಂದ ಅರ್ಜಿ ಸಾಂತಾಕ್ರೂಜ್‌ನ ಮಲ್ಲಿಕಾರ್ಜುನ ಅಂಗಡಿ ಎಂಬವರದು. ವಿಜಯಪುರದ ಕಡೆಯವರು, ಡ್ರಾಫ್ಟ್ಸ್‌ಮನ್ ಆಗಿ ನಿವೃತ್ತರಾದವರು, ವಯಸ್ಸು ಎಪ್ಪತ್ತೆಂಟು. ಕಾರು 1972ರದು, ನಾಲ್ಕು ಬಾಗಿಲಿನದು. ಮುಂಬೈಯ ಕಾಳಿ-ಪೀಳಿ, ಅಂದರೆ ಕಪ್ಪು-ಹಳದಿ ಬಣ್ಣದ, ಟ್ಯಾಕ್ಸಿಗಳಾಗಿ ಸಾವಿರಾರು ಓಡಿದ ಅದೇ ಮಾದರಿ. ಮೊದಲ ಮಾಲೀಕರು ಒಬ್ಬ ಡಾಕ್ಟರು, 1982ರಿಂದ ಇವರದೇ. ಅವರ ಹೌಸಿಂಗ್ ಸೊಸೈಟಿ ಹಳೆಯ ಗಾಡಿಗಳನ್ನೆಲ್ಲ ಆವರಣದಿಂದ ಹೊರಗೆ ಹಾಕಬೇಕೆಂದು ನೋಟಿಸ್ ಕೊಟ್ಟಿತ್ತು. ನಮ್ಮ ಸಂಘದ ಪ್ರಮಾಣಪತ್ರವಿದ್ದ ಕಾರಿಗೆ ಮಾತ್ರ ವಿನಾಯಿತಿ. ಡಿಸೆಂಬರ್ ಕೊನೆಯವರೆಗೆ ಅವಧಿ. ಪತ್ರ ಸಿಗದಿದ್ದರೆ ಕಾರು ಭಂಗಾರಕ್ಕೆ, ಅಂದರೆ ಗುಜರಿಗೆ.

ಇಂಥ ಅರ್ಜಿ ಕಂಡರೆ ನನಗೆ ಮೊದಲು ಬರುವುದು ಸಂಶಯ. ಅಗತ್ಯ ಬಿದ್ದವರ ಕಾರಿನ ಚರಿತ್ರೆ ಬಹಳ ಅಚ್ಚುಕಟ್ಟಾಗಿರುತ್ತದೆ.

"ನಮಸ್ಕಾರ್ರೀ ರಾವ್ ಸಾಹೇಬ್ರ. ಕನ್ನಡದವ್ರು ಬರ್ತಾರಂತ ಕೇಳಿ ಭಾಳ ಧೈರ್ಯ ಬಂತ್ರಿ" ಎಂದು ಅಂಗಡಿಯವರು ಗೇಟಿನಲ್ಲೇ ಕೈ ಹಿಡಿದುಕೊಂಡರು. ಇದು ನನಗೆ ಹಿಡಿಸಲಿಲ್ಲ. ಪರೀಕ್ಷೆಗೆ ಮೊದಲು ಊರು, ಭಾಷೆ ನೆನಪಿಸುವವರನ್ನು ನಾನು ಬಹಳ ನೋಡಿದ್ದೆ.

ಬೆಳಿಗ್ಗೆ ಹತ್ತು ಗಂಟೆ. ವಾಚ್‌ಮನ್‌ನ ಗೂಡಿನ ಪಕ್ಕ ಪ್ಲಾಸ್ಟಿಕ್ ಕುರ್ಚಿಯಲ್ಲಿ ಒಬ್ಬ ಮಹಿಳೆ ತೊಡೆಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತಿದ್ದರು. ವಯಸ್ಸು ನಲವತ್ತು ದಾಟಿತ್ತು. ಅವರ ಮುಂದಿನಿಂದಲೇ ನಾನು ಕಾರಿನ ಬಳಿಗೆ ಹೋದೆ.

ಚಾಸಿ ನಂಬರಿನ ಮೇಲೆ ಕಾಗದವಿಟ್ಟು ಪೆನ್ಸಿಲಿನಿಂದ ಉಜ್ಜಿ ಅಚ್ಚು ತೆಗೆದೆ. ಸರಿ ಇತ್ತು. ಎಂಜಿನ್ ನಂಬರ್ ಸರಿ. ಬಾಗಿಲಿನ ರಬ್ಬರ್ ಎತ್ತಿ ಹಳದಿ ಅಥವಾ ಕಪ್ಪು ಬಣ್ಣ ಹುಡುಕಿದೆ. ಇರಲಿಲ್ಲ. ಟ್ಯಾಕ್ಸಿ ಮೀಟರ್ ಕೂರಿಸಿದ ತೂತನ್ನು ಎಡ ಮಡ್‌ಗಾರ್ಡಿನಲ್ಲಿ ಹುಡುಕಿದೆ. ಅದೂ ಇರಲಿಲ್ಲ. ಇಷ್ಟು ಶುದ್ಧವಾಗಿರುವುದೇ ನನ್ನ ಸಂಶಯ ಹೆಚ್ಚಿಸಿತು. ಒಳ್ಳೆಯ ಪೇಂಟರ್ ಎಲ್ಲವನ್ನೂ ಅಳಿಸಬಲ್ಲ.

ಆಮೇಲೆ ನಾಲ್ಕೂ ಬಾಗಿಲು ತೆರೆದು ನೋಡಿದೆ. ಮನೆಯ ಕಾರಿನಲ್ಲಿ ಹೆಚ್ಚು ಸವೆಯುವುದು ಡ್ರೈವರ್ ಬಾಗಿಲು. ಟ್ಯಾಕ್ಸಿಯಲ್ಲಿ ಹೆಚ್ಚು ಸವೆಯುವುದು ಎಡಗಡೆಯ ಹಿಂಬಾಗಿಲು, ಏಕೆಂದರೆ ಗಿರಾಕಿ ಫುಟ್‌ಪಾತ್ ಕಡೆಯಿಂದ ಹತ್ತುತ್ತಾನೆ. ಇದನ್ನು ಯಾವ ಪೇಂಟರೂ ಮರೆಮಾಡಲಾರ. ಅಂಗಡಿಯವರ ಕಾರಿನ ಎಡ ಹಿಂಬಾಗಿಲು ಹಿಂಜ್, ಅಂದರೆ ಕೀಲು, ಸವೆದು ಏಳು ಮಿಲಿಮೀಟರ್ ಕೆಳಕ್ಕೆ ಜೋತುಬಿದ್ದಿತ್ತು. ಉಳಿದ ಮೂರು ಬಾಗಿಲುಗಳು ನೇರವಾಗಿದ್ದವು.

"ಅಂಗಡಿಯವರೇ, ಇದು ಯಾವಾಗಲಾದರೂ ಟ್ಯಾಕ್ಸಿಯಾಗಿ ಓಡಿದ್ದುಂಟಾ?"

"ಟ್ಯಾಕ್ಸಿನ? ಏನ್ ಕೇಳ್ತೀರಿ ಸಾಹೇಬ್ರ! ಇದು ಮನಿ ಗಾಡಿ ರೀ."

"ಈ ಬಾಗಿಲಿನಿಂದ ಯಾರು ಹತ್ತುವುದು?"

ಅವರು ಕುರ್ಚಿಯ ಕಡೆ ಒಮ್ಮೆ ನೋಡಿ, ತಲೆ ತಗ್ಗಿಸಿದರು. "ಯಾರ್ ಹತ್ತತಾರ... ಎಲ್ಲಾರೂ ಹತ್ತತಾರ್ರಿ."

ಆ ತಡವರಿಕೆಯನ್ನು ನಾನು ಗುರುತು ಹಾಕಿಕೊಂಡೆ. ವರದಿಯಲ್ಲಿ ಹೀಗೆ ಬರೆದೆ: "ಎಡ ಹಿಂಬಾಗಿಲಿನ ಹಿಂಜ್‌ಗಳಲ್ಲಿ ಅತಿಯಾದ ಸವೆತದ ದೋಷವಿದೆ. ಬಾಡಿಗೆಗೆ ಓಡಿರುವ ಬಲವಾದ ಶಂಕೆ. ಮಾಲೀಕರ ಉತ್ತರ ನಂಬಲರ್ಹವಲ್ಲ." ಸಾವಂತರು ಓದಿ, "ರಾವ್, ತುಸು ಖಾರ ಜಾಸ್ತಿ ಆಯಿತಲ್ಲ?" ಎಂದರು. ಇರುವುದನ್ನೇ ಬರೆದಿದ್ದೇನೆ ಎಂದೆ. ಅರ್ಜಿ ತಿರಸ್ಕಾರವಾಯಿತು.

ಮರುಪರೀಕ್ಷೆ ಕೇಳಲು ಮಾಲೀಕರಿಗೆ ಒಂದೇ ಅವಕಾಶ. ಅಂಗಡಿಯವರು ಕೇಳಿದರು. ಹದಿನೆಂಟು ದಿನಗಳ ನಂತರ, ಡಿಸೆಂಬರಿನ ಒಂದು ಶನಿವಾರ ನಾನು ಮತ್ತೆ ಹೋದೆ. ಈ ಸಲ ನಮಸ್ಕಾರವಷ್ಟೇ ಇತ್ತು, ಕೈ ಹಿಡಿಯಲಿಲ್ಲ.

ನೇರವಾಗಿ ಆ ಬಾಗಿಲಿಗೆ ಹೋದೆ. ಬಾಗಿಲು ನೆಟ್ಟಗೆ ನಿಂತಿತ್ತು. ಹೊಸ ಹಿಂಜ್, ಹೊಳೆಯುವ ಸ್ಕ್ರೂಗಳು. ನನಗೆ ಸಿಟ್ಟು ಬಂತು.

"ಮರುಪರೀಕ್ಷೆಗೆ ಮೊದಲೇ ಬದಲಾಯಿಸಿದ್ದೀರಿ. ಸಾಕ್ಷ್ಯ ಉಳಿಯಬಾರದು ಅಂತಲಾ?"

"ನೀವ ದೋಷ ಅಂತ ಬರದ್ರಿ. ನಿನ್ನಿ ಸಂಜಿಗೆ ರಿಪೇರಿ ಮಾಡಿಸಿದೆ. ಅದೂ ತಪ್ಪೇನ್ರಿ?"

"ಅಪ್ಪಾ, ಸಾಕು. ನಾನ ತೋರಸ್ತೀನಿ."

ಮಾತಾಡಿದವರು ಅದೇ ಪ್ಲಾಸ್ಟಿಕ್ ಕುರ್ಚಿಯಲ್ಲಿದ್ದ ಮಹಿಳೆ. ಅಂಗಡಿಯವರ ಮಗಳು ಸುಮಾ ಎಂದು ಆಗ ತಿಳಿಯಿತು. ಕುರ್ಚಿಯ ಹಿಂದೆ ಗೋಡೆಗೆ ಊರುಗೋಲು ಒರಗಿಸಿದ್ದರು. ಎದ್ದಾಗ, ಉದ್ದನೆಯ ಕುರ್ತಾದ ಕೆಳಗೆ ಎಡಗಾಲಿಗೆ ಕಟ್ಟಿದ ಕಬ್ಬಿಣದ ಪಟ್ಟಿ ಕಂಡಿತು. ಒಂದೂವರೆ ವರ್ಷದ ಮಗುವಾಗಿದ್ದಾಗ ಪೋಲಿಯೋ ಆಗಿತ್ತಂತೆ.

ಅವರು ಕಾರಿನ ಹತ್ತಿರ ಬಂದು, ಊರುಗೋಲನ್ನು ಒಳಗೆ ಸೀಟಿನ ಮೇಲೆ ಎಸೆದು, ಬಾಗಿಲನ್ನು ಅರ್ಧ ತೆರೆದು, ಅದರ ಮೇಲಂಚನ್ನು ಕೈಯಿಂದ ಹಿಡಿದು ಮೈಯ ಭಾರವನ್ನೆಲ್ಲ ಅದಕ್ಕೆ ಕೊಟ್ಟರು. ಹಾಗೆ ಜೋತುಬಿದ್ದು ಮೈ ತಿರುಗಿಸಿ ಸೀಟಿನಲ್ಲಿ ಕೂರುವುದು ಅವರ ಕ್ರಮ. ಜೋತುಬಿದ್ದ ಹಳೆಯ ಬಾಗಿಲು ತಿಕ್ಕುತ್ತ ಬಿಗಿಯಾಗಿ ಅರ್ಧದಲ್ಲೇ ನಿಲ್ಲುತ್ತಿತ್ತು. ಹೊಸ ಹಿಂಜಿನ ಬಾಗಿಲು ನಿಲ್ಲಲಿಲ್ಲ. ಸಲೀಸಾಗಿ ಹೊರಕ್ಕೆ ತಿರುಗಿತು. ಸುಮಾ ಸಿಮೆಂಟಿನ ಮೇಲೆ ಬಿದ್ದರು.

ಅಂಗಡಿಯವರು ಓಡಿಬಂದರು. "ಬಿಡ್ರಿ ಅಪ್ಪಾ, ನಾನ ಏಳ್ತೀನಿ" ಎಂದರು ಸುಮಾ. ಏಳಲು ಅವರಿಗೆ ಬಹಳ ಹೊತ್ತು ಹಿಡಿಯಿತು. ಅಷ್ಟು ಹೊತ್ತೂ ನಾನು ಟಾರ್ಚ್ ಹಿಡಿದುಕೊಂಡು ನಿಂತಿದ್ದೆ. ಅವರ ಅಂಗೈ ತರಚಿ ರಕ್ತ ಬಂದಿತ್ತು.

"ಅಂಕಲ್, ಶಾಲೆ, ಕಾಲೇಜು, ಆಮೇಲೆ ಪವಾಯಿ ಆಫೀಸು. ಸಣ್ಣಾಕಿ ಇದ್ದಾಗಿಂದ ಇದ ಬಾಗಿಲಾ. ಬೇರೆ ಗಾಡಿಯಾಗ ಡ್ರೈವರ್ ಬಂದು ರಟ್ಟಿ ಹಿಡಿದು ಎತ್ತಬೇಕು. ಮುಝೆ ನಹೀ ಚಾಹಿಯೇ, ನನಗ ಅದು ಬ್ಯಾಡ. ಇದರಾಗ ನಾನ ಹತ್ತತೀನಿ, ನಾನ ಇಳೀತೀನಿ." ಉಸಿರು ತೆಗೆದುಕೊಂಡು ಮುಂದುವರಿಸಿದರು. "ನನ್ನ ಕಾಲಿನ ವಿಷಯ ಹೇಳಬ್ಯಾಡ ಅಂತ ಅಪ್ಪಗ ನಾನ ಹೇಳಿದ್ದೆ. ಅಯ್ಯೋ ಪಾಪ ಅಂತ ಪಾಸ್ ಮಾಡೋದು ಬ್ಯಾಡಾಗಿತ್ತು. ಆದ್ರ ನೀವು ಅವತ್ತ ನನ್ನ ಮುಂದಿಂದನ ಹೋದ್ರಿ. ಈ ಬಾಗಿಲಾ ಯಾರದು ಅಂತ ನನ್ನೂ ಒಂದು ಮಾತು ಕೇಳಬಹುದಿತ್ತಲ್ಲ?"

ಹಳೆಯ ಹಿಂಜ್‌ಗಳು ಎಲ್ಲಿವೆ ಎಂದು ಕೇಳಿದೆ. ಅಂಗಡಿಯವರು ಡಿಕ್ಕಿಯಿಂದ ಬಟ್ಟೆಯ ಚೀಲ ತಂದುಕೊಟ್ಟರು. ಹಿಂಜಿನ ಪಿನ್ನನ್ನು ಬಿಸಿಲಿಗೆ ಹಿಡಿದೆ. ತೆರೆದು ಮುಚ್ಚಿ ಸವೆದ ಪಿನ್ನು ಸುತ್ತಲೂ ತೆಳ್ಳಗಾಗುತ್ತದೆ. ಇದು ಒಂದೇ ಬದಿಗೆ ಚಪ್ಪಟೆಯಾಗಿತ್ತು. ಭಾರ ಹೊತ್ತು ಸವೆದ ಪಿನ್ನು ಇರುವುದು ಹೀಗೆ. ಆಮೇಲೆ ಮೊದಲ ದಿನವೇ ಮಾಡಬೇಕಾಗಿದ್ದ ಕೆಲಸ ಮಾಡಿದೆ: ಬಾಗಿಲಿನ ಲಾಕ್ ನೋಡಿದೆ. ದಿನವಿಡೀ ಧಡಾರನೆ ಮುಚ್ಚುವ ಟ್ಯಾಕ್ಸಿ ಬಾಗಿಲಿನಲ್ಲಿ ಲಾಕಿನ ನಾಲಿಗೆ ಹಿಂಜ್‌ಗಿಂತ ಮೊದಲು ಸವೆಯುತ್ತದೆ. ಇದರ ಅಂಚು ಇನ್ನೂ ಚೂಪಾಗಿತ್ತು. ಲಾಕ್ ಹಿಂಜ್‌ಗಿಂತ ಮೂರು ಅಡಿ ದೂರವೂ ಇರಲಿಲ್ಲ. ಮೊದಲ ದಿನ ನಾನು ಅದನ್ನು ನೋಡಲಿಲ್ಲ, ಏಕೆಂದರೆ ಹಿಂಜ್ ನನಗೆ ಬೇಕಾದ ಉತ್ತರ ಕೊಟ್ಟಾಗಿತ್ತು.

ಎರಡನೆಯ ವರದಿಯನ್ನು ಅಂಗಡಿಯವರ ಮನೆಯಲ್ಲೇ ಕೂತು ಬರೆದೆ. ಮೊದಲ ವರದಿ ತಪ್ಪು, ತಪ್ಪು ಪರೀಕ್ಷಕನದು, ಮಾಲೀಕರು ಸುಳ್ಳು ಹೇಳಿಲ್ಲ ಎಂಬುದು ಮೊದಲ ಸಾಲು. ಪೋಲಿಯೋ ಎಂದು ಬರೆಯಬಾರದೆಂಬ ಷರತ್ತನ್ನು ಸುಮಾ ಹಾಕಿದರು. ಬರೆಯಲಿಲ್ಲ. "ಕುಟುಂಬದ ಒಬ್ಬ ಸದಸ್ಯರ ನಲವತ್ತು ವರ್ಷಗಳ ದೈನಂದಿನ ಬಳಕೆಯ ಸವೆತ" ಎಂದಷ್ಟೇ ಬರೆದೆ. ಸುಮಾ ಗೊತ್ತುಮಾಡಿದ ಮೆಕ್ಯಾನಿಕ್ ಹಳೆಯ ಪಿನ್ನುಗಳನ್ನು ಪರೀಕ್ಷಿಸಿ ಬಿರುಕಿಲ್ಲವೆಂದು ಹೇಳಿದ ಬಳಿಕ, ನನ್ನ ವೃತ್ತಿಯಲ್ಲಿ ಎಂದೂ ಬರೆಯದ ಸೂಚನೆಯನ್ನು ಬರೆದೆ: "ಹೊಸ ಹಿಂಜ್‌ಗಳನ್ನು ತೆಗೆದು ಸವೆದವನ್ನೇ ಮತ್ತೆ ಕೂರಿಸತಕ್ಕದ್ದು."

ಡಿಸೆಂಬರ್ 27ಕ್ಕೆ ಪ್ರಮಾಣಪತ್ರ ಸೊಸೈಟಿಗೆ ತಲುಪಿತು. ಕಾರು ಉಳಿಯಿತು. ಜನವರಿಯ ಮೊದಲ ಸೋಮವಾರ ಸುಮಾ ಅದೇ ಬಾಗಿಲಿನಿಂದ ಹತ್ತಿ ಪವಾಯಿಗೆ ಹೋದರೆಂದು ಸಾವಂತರು ಹೇಳಿದರು. ಅಂಗಡಿಯವರು ನನಗೆ ಫೋನ್ ಮಾಡಲಿಲ್ಲ. ಮಾಡಬೇಕೆಂದು ನಾನು ನಿರೀಕ್ಷಿಸಿಯೂ ಇರಲಿಲ್ಲ.

ಸಂಶಯಪಡುವುದು ನನ್ನ ಕೆಲಸವಾಗಿತ್ತು, ಈಗಲೂ ಪಡುತ್ತೇನೆ. ಆದರೆ ಸವೆತದ ಗುರುತು ಕಂಡ ಕೂಡಲೇ ವರದಿ ಬರೆಯಲು ಕೂರುವುದಿಲ್ಲ. ಮೊದಲು ಸುತ್ತ ನೋಡಿ, ಅಲ್ಲಿ ಕೂತವರು ಯಾರೇ ಆಗಿರಲಿ, ಹತ್ತಿರ ಹೋಗಿ ಮಾತಾಡಿಸುತ್ತೇನೆ.