ಚೌಕದಕ್ಕ ಕೆಡಿಸಿದ ಅಕ್ಷರ

ಕಂಪ್ಯೂಟರಿಗೆ ಅಕ್ಷರ ಮಾಡಿಕೊಡುವ ಆ ಆಫೀಸಿನಲ್ಲಿ ಎಲ್ಲರೂ ಅವಳನ್ನು ಕರೆಯುವುದು ಚೌಕದಕ್ಕ ಎಂದೇ. ವಯಸ್ಸಿನಲ್ಲಿದ್ದಾಗ, ಬಸ್ಸಿನ ಹಣೆಯ ಮೇಲೆ ಊರ ಹೆಸರು ಹೊಳೆಯುವ ದೀಪದ ಬೋರ್ಡಿಗೆ ಚೌಕ ಚೌಕ ಚುಕ್ಕಿ ಜೋಡಿಸಿ ಅಕ್ಷರ ಕೂಡಿಸಿಕೊಟ್ಟವಳು ಅವಳು. ಬೋರ್ಡಿನಲ್ಲಿ ಇದ್ದುದೇ ಬೆರಳೆಣಿಕೆಯ ದೀಪ. ದುಂಡಗಿನ ಅಕ್ಷರದ ಬೆನ್ನು ಮುರಿದು ಮೆಟ್ಟಿಲು ಮೆಟ್ಟಿಲಾಗಿ ಕೂರಿಸದೆ ವಿಧಿಯಿರಲಿಲ್ಲ.

ಆ ಬೋರ್ಡುಗಳು ಗುಜರಿಗೆ ಹೋಗಿ ಒಳ್ಳೊಳ್ಳೆಯ ಪರದೆಗಳು ಬಂದವು. ಅಕ್ಕನೂ ಬಿಡುವಾದಾಗಲೆಲ್ಲ ಕೂತು, ಬಳ್ಳಿಯ ಹಾಗೆ ಬಾಗುವ ದುಂಡಕ್ಷರಗಳನ್ನು ತಿದ್ದಿ ತೀಡಿ ನಿಲ್ಲಿಸಿದಳು. ಅವು ತನ್ನ ಹೆಸರಲ್ಲಿ ಹೊರಬಂದರೆ ಸಾಕು, ಜನ್ಮ ಸಾರ್ಥಕ. ಆದರೆ ಲೋಕಕ್ಕೆ ಹಳೇದರ ಹುಚ್ಚು ಹಿಡಿದಿತ್ತು. ಬಿಸ್ಕತ್ತಿನ ಪೊಟ್ಟಣಕ್ಕೆ, ಅಂಗಿಯ ಬೆನ್ನಿಗೆ, ಅಂಗಡಿಯ ಗೋಡೆಗೆ ಆ ಮುರುಕು ಮೆಟ್ಟಿಲಕ್ಷರವೇ ಬೇಕು.

"ಇದೊಂದು ಮಾಡಿಕೊಡಿ ಅಕ್ಕಾ. ಆಮೇಲೆ ನಿಮ್ಮ ದುಂಡಕ್ಷರಾನೇ," ಎಂದ ಮಾಲೀಕ.

"ನಿನ್ನ 'ಆಮೇಲೆ' ಕಾಯ್ತಾ ನನ್ನ ಹಲ್ಲೆಲ್ಲಾ ಉದುರಿ ಹೋಯ್ತಲ್ಲಪ್ಪಾ."

"ಈ ಗಿರಾಕಿಗೆ ನೀವು ಮಾಡಿದ್ದು ಹಿಡಿಸ್ಲಿಲ್ಲ ಅಂದ್ರೆ ಚೌಕದಕ್ಷರದ ಅಂಗಡೀನೇ ಮುಚ್ತೀನಿ. ಸತ್ಯವಾಗ್ಲೂ!"

ಅಕ್ಕನ ಕಿವಿ ನೆಟ್ಟಗಾಯಿತು. ಮನೆಗೆ ಬಂದವಳೇ ಗಂಡನಿಗೆ ಹೇಳಿದಳು, "ಈ ಸಲ ಕೆಡಿಸ್ತೀನಿ ನೋಡಿ. ಗಿರಾಕಿ ಮೂಗು ಮುರೀಬೇಕು."

ದರ್ಜಿ ಗಂಡ ಬಾಯಲ್ಲಿದ್ದ ಗುಂಡುಪಿನ್ನು ತೆಗೆದು ನಕ್ಕ. "ನಿನ್ನ ಕೈಲಿ ಆಗಲ್ಲ ಕಣೇ. ಒರೆಸೋ ಬಟ್ಟೇನೂ ಮೂಲೆಗೆ ಮೂಲೆ ಕೂಡಿಸಿ ಮಡಚೋಳು ನೀನು."

ಆದರೂ ಕೆಡಿಸಿದಳು. ಒಂದಕ್ಷರದ ಹೊಟ್ಟೆಯಿಂದ ಚುಕ್ಕಿ ಕಿತ್ತಳು, ಇನ್ನೊಂದರ ಕಾಲು ಮೊಂಡು ಮಾಡಿದಳು, ಮತ್ತೊಂದನ್ನು ಸಾಲಿನಿಂದ ಕೆಳಗೆ ಜಾರಿಸಿದಳು. ಓದಿದರೆ ಇಡೀ ಮಾತೇ ಕುಂಟುತ್ತಿತ್ತು. ಮನಸ್ಸು ಕಲ್ಲುಮಾಡಿಕೊಂಡು ಕಳಿಸಿಬಿಟ್ಟಳು.

ಗಿರಾಕಿ, ಕಂಪ್ಯೂಟರ್ ಆಟ ಮಾಡಿ ಮಾರುವ ಹುಡುಗಿ, ಆಫೀಸಿಗೇ ಓಡಿಬಂದಳು.

"ಅಯ್ಯೋ ಅಕ್ಕಾ, ಇದೇ ನೋಡಿ! ನಾನು ಚಿಕ್ಕೋಳಿದ್ದಾಗ ಬಸ್ ಬೋರ್ಡಲ್ಲಿ ಒಂದೊಂದು ದೀಪ ಸತ್ತೋಗಿರ್ತಿತ್ತಲ್ಲ, ಥೇಟ್ ಹಾಗೇ! ದಪ್ಪದು, ತೆಳ್ಳಂದು, ಓರೆದು, ಅಂಕಿ, ಎಲ್ಲಾ ಬೇಕು. ಒಂದು ಚುಕ್ಕೀನೂ ಸರಿ ಮಾಡ್ಬೇಡಿ!"

ಮಾಲೀಕ ಮೂವತ್ತೆರಡೂ ಹಲ್ಲು ಬಿಟ್ಟ. ಬೇಕೆಂದೇ ಕೆಡಿಸಿದ್ದು ಎಂಬ ಮಾತು ಅಕ್ಕನ ನಾಲಿಗೆಯ ತುದಿಗೆ ಬಂದು ಅಲ್ಲೇ ಕೂತಿತು. ಹೇಳಿದರೆ, ತನ್ನ ಕೆಲಸಕ್ಕೆ ತಾನೇ ಮಣ್ಣು ಹಾಕಿದವಳು ಎನ್ನಿಸಿಕೊಳ್ಳಬೇಕು. ಹೇಳದಿದ್ದರೆ ಇನ್ನೆಷ್ಟು ಕಾಲ ಈ ಚೌಕಗಳ ಸೆರೆಯೋ!

ಹೇಳದೆಯೇ ಕೆಲಸಕ್ಕೆ ಕೂತಳು. ಕುಂಟಿದರೂ ಎಲ್ಲವೂ ಒಂದೇ ಹದದಲ್ಲಿ ಕುಂಟಬೇಕಲ್ಲ. ದಪ್ಪಕ್ಷರದಲ್ಲಿ ಇಲ್ಲಿ ಚುಕ್ಕಿ ಕಿತ್ತರೆ ತೆಳ್ಳಗಿನದರಲ್ಲಿ ಎಲ್ಲಿ ಕೀಳಬೇಕು? ಗಿರಾಕಿಯನ್ನೂ ಮಾಲೀಕನನ್ನೂ ತನ್ನನ್ನೂ ಬೈದುಕೊಳ್ಳುತ್ತ ಕಿತ್ತಳು, ಮತ್ತೆ ಇಟ್ಟಳು, ಇನ್ನೊಂದು ಕಡೆ ಕಿತ್ತು ನೋಡಿದಳು.

ಸಂಜೆ ಬಾಗಿಲು ಹಾಕಲು ಬಂದ ಮಾಲೀಕ, "ಸಾಕು ಏಳಿ ಅಕ್ಕಾ," ಎಂದ.

"ತಡಿಯಪ್ಪಾ, ಈ ಕಾಲು ಇನ್ನೂ ಸರಿಯಾಗಿ ಮೊಂಡಾಗಿಲ್ಲ."

ಆಡಿದ ಮಾತು ತನಗೇ ಕೇಳಿಸಿತು. ಮೌಸಿನ ಮೇಲಿನ ಕೈ ನಿಂತಿತು. ಆದರೆ ಸ್ವಲ್ಪ ಹೊತ್ತಷ್ಟೇ; ಆ ಕಾಲಿನಿಂದ ಮತ್ತೊಂದು ಚುಕ್ಕಿ ಕಿತ್ತಳು.