ಮಾತಿಲ್ಲದೆ ಹೊಡೆದ ಚಕ್ಕಡಿ

ಮೇವಿನ ಬಣವೆಯಿಂದ ಬಿದ್ದ ಮೇಲೆ ಎತ್ತಿನ ಚಕ್ಕಡಿ ಹೊಡೆಯುತ್ತಿದ್ದ ನೇಸರಗಿಯ ದುಂಡಪ್ಪನಿಗೆ ಕತ್ತಿನ ಕೆಳಗೆ ಏನೂ ಅಲ್ಲಾಡದಾಯಿತು. ಮಾತು ಮಾತ್ರ ಉಳಿಯಿತು. ಮೊದಲಿಗಿಂತ ಹೆಚ್ಚೇ ಆಯಿತೆಂದು ಹೆಂಡತಿ ಶಟ್ಟೆವ್ವನ ದೂರು. ಬೆಳಗಿನ ಚಹಾ ಅವಳೇ ಊದಿ ಊದಿ ಕುಡಿಸುವಳು. ಅಷ್ಟರಲ್ಲಿ ಅವಳ ಕಪ್ಪಿನ ಚಹಾ ತಣ್ಣಗಾಗಿರುತ್ತಿತ್ತು. ಒಮ್ಮೆಯಾದರೂ ಅವಳಿಗೆ ಬಿಸಿ ಚಹಾ ತಾನೇ ಮುಟ್ಟಿಸಬೇಕೆಂಬುದು ದುಂಡಪ್ಪನ ಆಸೆ. ಅದೊಂದನ್ನು ಮಾತ್ರ ಅವನು ಬಾಯಿಬಿಟ್ಟು ಹೇಳಿರಲಿಲ್ಲ.

೨೦೦೯ರ ಬೇಸಿಗೆ ರಜೆಯಲ್ಲಿ, ಬೆಳಗಾವಿಯಲ್ಲಿ ಇಂಜಿನಿಯರಿಂಗ್ ಓದುತ್ತಿದ್ದ ಓಣಿಯ ಹುಡುಗಿ ಸುಚೇತಾ ತಾನು ಮಾಡಿದ ರೋಬಾಟ್ ತಂದಳು. ಮಣೆಯಷ್ಟಗಲದ ಹಲಗೆ, ಕೆಳಗೆ ನಾಲ್ಕು ಗಾಲಿ. ಅದನ್ನು ನಡೆಸಲು ದುಂಡಪ್ಪನ ತಲೆಗೆ ತಂತಿಗಳ ಟೋಪಿ ತೊಡಿಸಿದಳು. ಎಡಗೈ ಆಡಿಸಿದಂತೆ ನೆನೆದರೆ ಗಾಡಿ ಎಡಕ್ಕೆ, ಬಲಗೈ ನೆನೆದರೆ ಬಲಕ್ಕೆ, ಪಾದ ನೆನೆದರೆ ಮುಂದಕ್ಕೆ, ನೆನೆಯುವುದು ಬಿಟ್ಟರೆ ನಿಲ್ಲುತ್ತದೆ. ಮಿದುಳಿನ ಮಿಡಿತವನ್ನು ಟೋಪಿ ಹಿಡಿಯುತ್ತದೆ ಎಂದಳು.

ದುಂಡಪ್ಪನ ಕಣ್ಣ ಮುಂದೆ ಎತ್ತಿನ ಹಗ್ಗ ಬಂತು. ಮನಸ್ಸಿನಲ್ಲೇ ಎಡ ಹಗ್ಗ ಜಗ್ಗಿದ. ಗಾಡಿ ಎಡಕ್ಕೆ ಹೊರಳಿತು. ಖುಷಿಯಲ್ಲಿ "ಹೋ, ಸಾವಕಾಶ ನನ್ನಪ್ಪಾ" ಎಂದದ್ದೇ ತಡ, ಅದು ಅಡ್ಡಾದಿಡ್ಡಿ ಓಡಿ ಜೋಳದ ಚೀಲಕ್ಕೆ ಗುದ್ದಿತು.

ದವಡೆ ಆಡಿದರೆ ಟೋಪಿಗೆ ಗೊಂದಲ, ಮಾತಾಡಬಾರದು ಎಂದು ಸುಚೇತಾ ತಿಳಿಹೇಳಿದಳು. ಆದರೆ ಎತ್ತಿನೊಡನೆ ಮಾತಾಡದೆ ಚಕ್ಕಡಿ ಹೊಡೆಯುವುದು ದುಂಡಪ್ಪನಿಗೆ ಗೊತ್ತೇ ಇರಲಿಲ್ಲ. ತುಟಿ ಬಿಗಿದರೂ ನಾಲಿಗೆ ಲೊಚಗುಟ್ಟುತ್ತಿತ್ತು. ಗಾಡಿ ಮಂಚದ ಕಾಲಿಗೆ, ಹೊಸ್ತಿಲಿಗೆ, ಕಡೆಗೆ ಶಟ್ಟೆವ್ವನ ಹಿಮ್ಮಡಿಗೂ ಬಡಿಯಿತು.

"ಅದಕ್ಕೂ ನಿಮ್ಮ ಮಾತು ಸಾಕಾಗೇತಿ. ನಾ ಇಷ್ಟ ವರ್ಷ ಹೆಂಗ ತಡಕೊಂಡೇನಿ, ಅದನ್ನ ಕೇಳ್ರಿ," ಎಂದಳು ಅವಳು.

ರಜೆ ಮುಗಿಯಿತು. ಸುಚೇತಾ ಯಂತ್ರವನ್ನು ಕಾಲೇಜಿಗೆ ಒಯ್ಯುವ ದಿನ ಬೆಳಿಗ್ಗೆ ದುಂಡಪ್ಪ ಅವಳಿಂದ ಹಲಗೆಯ ಮೇಲೆ ಬಿಸಿ ಚಹಾದ ಕಪ್ಪು ಇಡಿಸಿದ. ಶಟ್ಟೆವ್ವ ಬಾಗಿಲ ಬಳಿ ಜೋಳ ಹಸನು ಮಾಡುತ್ತ ಕೂತಿದ್ದಳು.

ಅವಳ ಬಗ್ಗಿದ ಬೆನ್ನು ನೋಡುತ್ತ ಅವನಿಗೆ ಒಂದು ನೆನಪಾಯಿತು. ಮದುವೆಯ ಹೊಸದರಲ್ಲಿ ಸವದತ್ತಿಯಿಂದ ಮರಳುವಾಗ ಚಕ್ಕಡಿಯ ಹುಲ್ಲಿನ ಮೇಲೆ ಅವಳಿಗೆ ನಿದ್ದೆ ಹತ್ತಿತ್ತು. ಎಚ್ಚರವಾದೀತೆಂದು ಆ ದಾರಿಯನ್ನೆಲ್ಲ ಅವನು ತುಟಿ ಪಿಟಕ್ಕೆನ್ನದೆ ಸಾಗಿಸಿದ್ದ. ಮರೆತೇ ಹೋಗಿತ್ತು.

ಈಗಲೂ ಹಾಗೆಯೇ ಹೊಡೆದ. ಮನಸ್ಸಿನಲ್ಲೇ ಪಾದ ಒತ್ತಿದ, ಬಲ ಹಗ್ಗ ತುಸು ಜಗ್ಗಿದ. ಗಾಡಿ ಮಂಚ ದಾಟಿತು, ಚೀಲ ದಾಟಿತು. ಶಟ್ಟೆವ್ವನ ಮೊಣಕಾಲ ಬಳಿ ಹಗ್ಗ ಸಡಿಲಿಸಿದ, ನಿಂತಿತು.

ಅವಳು ಕಪ್ಪನ್ನು ನೋಡಿದಳು, ಅವನನ್ನು ನೋಡಿದಳು. ಎತ್ತಿಕೊಂಡು ಒಂದು ಗುಟುಕು ಕುಡಿದಳು.

ದುಂಡಪ್ಪನಿಗೆ ತಡೆಯಲಾಗಲಿಲ್ಲ. "ಬಿಸಿ ಐತೇನ?"

ಖಾಲಿ ಗಾಡಿ ಗಿರ್ರನೆ ತಿರುಗಿ ಅವಳ ಸುತ್ತ ಓಡತೊಡಗಿತು. ಶಟ್ಟೆವ್ವ ಕಾಲು ಮೇಲೆತ್ತಿಕೊಂಡು, ಕಪ್ಪನ್ನು ಎದೆಗೆ ಹಿಡಿದು ನಕ್ಕಳು.

"ಐತ್ರಿ. ನಾ ಕುಡಿಯೂತನಕಾ ಬಾಯಿ ಮುಚ್ಚಕೊಂಡಿರ್ರಿ."